ಸಂಕ್ರಾಂತಿ ಎಳ್ಳು-ಬೆಲ್ಲ: ಎಳ್ಳು, ಕಡ್ಲೆಕಾಯಿ ಎರಡೂ ಆಗದ ಮಗುವಿಗೆ ಏನು ಮಾಡಿಕೊಡೋದು?

ಹಸಿರುತೋರಣ (ಪ್ರಶ್ನೆ)

ಮಗಳಿಗೆ 6 ವರ್ಷ. ಎಳ್ಳು ಮತ್ತು ಕಡ್ಲೆಕಾಯಿ ಬೀಜದ ಅಲರ್ಜಿ ಪರೀಕ್ಷೆಯಲ್ಲಿ ಖಚಿತವಾಗಿದೆ, ಎರಡನ್ನೂ ಪೂರ್ತಿ ಬಿಡಿಸಿದ್ದೇವೆ. ಕಡಲೆಬೇಳೆ, ಹುರಿಗಡಲೆ, ಕೊಬ್ಬರಿ ತಿಂತಾಳೆ, ಏನೂ ಆಗಿಲ್ಲ. ಈ ಸಲ ಅವಳೂ ತಟ್ಟೆ ಹಿಡಿದು ಎಳ್ಳು ಬೀರಬೇಕು ಅಂತ ಆಸೆ ಪಡ್ತಿದ್ದಾಳೆ.

1. ನೋಡೋಕೆ ಎಳ್ಳು-ಬೆಲ್ಲದ ಹಾಗೇ ಇರೋ ಮಿಶ್ರಣ ಸಾಧ್ಯವೇ? ಅಳತೆ ಹೇಳಿ.
2. ಚೆನ್ನಾಗಿ ಹುರಿದರೆ ಅಲರ್ಜಿ ಅಂಶ ಹೋಗುತ್ತೆ ಅಂತ ಮನೆಯಲ್ಲಿ ಹಿರಿಯರು ಹೇಳ್ತಾರೆ. ನಿಜವಾ?
3. ಹಬ್ಬಕ್ಕೆ ಬರೋ ನಾದಿನಿ ಮಗನಿಗೆ ಹಾಲು ಆಗಲ್ಲ. ಸಕ್ಕರೆ ಅಚ್ಚು, ಸಿಹಿ ಪೊಂಗಲ್ ಹೇಗೆ?

ಕೊಬ್ಬರಿಗಿಟುಕು

ಮೊದಲು ಎರಡನೇ ಪ್ರಶ್ನೆ, ಯಾಕಂದ್ರೆ ಅಪಾಯ ಇರೋದು ಅಲ್ಲೇ. ಹುರಿದರೆ ಹೋಗಲ್ಲ. ಕಡ್ಲೆಕಾಯಿಯ ಪ್ರೋಟೀನು ಹುರಿದಾಗ ಬೇಯಿಸಿದ್ದಕ್ಕಿಂತ ಹೆಚ್ಚು ತೊಂದರೆ ಕೊಡುತ್ತೆ. ಎಳ್ಳಿನದ್ದೂ ಬಿಸಿಗೆ ಜಗ್ಗಲ್ಲ. ಹಿರಿಯರಿಗೆ ಇದನ್ನ ಹಬ್ಬಕ್ಕೆ ಮುಂಚೆಯೇ ಹೇಳಿಬಿಡಿ. "ಒಂದೇ ಒಂದು ಕಾಳು" ಅಂತ ಬಾಯಿಗಿಡೋದು ಸಾಮಾನ್ಯವಾಗಿ ಅವರೇ.

ಇನ್ನು ಮಿಶ್ರಣ. ಸುಮಾರು ಒಂದು ಕೆಜಿಗೆ:

ಕೊಬ್ಬರಿ 250 ಗ್ರಾಂ, ಬೆಲ್ಲ 250 ಗ್ರಾಂ, ಹುರಿಗಡಲೆ 250 ಗ್ರಾಂ, ಸಿಹಿಗುಂಬಳದ ಬೀಜ (ಸಿಪ್ಪೆ ತೆಗೆದದ್ದು) 150 ಗ್ರಾಂ, ರಾಜಗಿರಿ ಅರಳು 50 ಗ್ರಾಂ.

ಎಳ್ಳಿನ ಜಾಗಕ್ಕೆ ರಾಜಗಿರಿ ಅರಳಿಗಿಂತ ಒಳ್ಳೇದು ಇಲ್ಲ. ಬಣ್ಣ, ಗಾತ್ರ ಎರಡೂ ಹತ್ತಿರ. ದಪ್ಪ ತಳದ ಬಾಣಲೆ ಚೆನ್ನಾಗಿ ಕಾಯಬೇಕು, ನೀರಿನ ಹನಿ ಬಿದ್ದರೆ ಉರುಳಿ ಓಡಬೇಕು. ಒಂದು ಸಲಕ್ಕೆ ಒಂದೇ ಚಮಚ ಕಾಳು ಹಾಕಿ, ಮುಚ್ಚಿ, ಅಲ್ಲಾಡಿಸಿ. 10-15 ಸೆಕೆಂಡಿನಲ್ಲಿ ಅರಳಿ ಮುಗಿಯುತ್ತೆ. ಬಾಣಲೆ ಕಾಯದಿದ್ದರೆ ಕಾಳು ಅರಳದೆ ಕೆಂಪಾಗಿ ಕಹಿಯಾಗುತ್ತೆ. ಜಾಸ್ತಿ ಹಾಕಿದರೆ ಕೆಳಗಿನದು ಸೀಯುತ್ತೆ, ಮೇಲಿನದು ಹಸಿ ಉಳಿಯುತ್ತೆ. ಆಮೇಲೆ ಜರಡಿ ಹಿಡಿದು ಅರಳದ ಕಾಳು ಬೇರೆ ಮಾಡಿ, ಇಲ್ಲದಿದ್ದರೆ ಹಲ್ಲಿಗೆ ಮರಳು ಸಿಕ್ಕ ಹಾಗಾಗುತ್ತೆ.

ಕುಂಬಳ ಬೀಜ ಸಣ್ಣ ಉರಿಯಲ್ಲಿ 4-5 ನಿಮಿಷ. ಉಬ್ಬಿ ಚಟಪಟ ಅಂದ ಕೂಡಲೇ ತಟ್ಟೆಗೆ ಸುರಿಯಿರಿ, ಬಾಣಲೆಯಲ್ಲೇ ಬಿಟ್ಟರೆ ಕಪ್ಪಾಗುತ್ತೆ.

ಬೆಲ್ಲ ಗಟ್ಟಿ ಅಚ್ಚಿನದ್ದೇ ಆಗಬೇಕು. ಅಡಕತ್ತರಿಯಲ್ಲಿ ಕತ್ತರಿಸಿ ಒಂದು ದಿನ ಫ್ಯಾನ್ ಕೆಳಗೆ ಹರವಿ. ತೀರಾ ಹಳದಿ, ಹೊಳೆಯೋ ಬೆಲ್ಲ ಬೇಡ, ಅದಕ್ಕೆ ಹೈಡ್ರೋಸ್ (ಬಣ್ಣ ತಿಳಿಯಾಗಿಸೋ ರಾಸಾಯನಿಕ) ಹಾಕಿರುವ ಸಾಧ್ಯತೆ ಹೆಚ್ಚು. ಅದರ ಸಲ್ಫೈಟು ಆಸ್ತಮಾ ಇರೋ ಕೆಲವರಿಗೆ ಉಬ್ಬಸ ಎಬ್ಬಿಸುತ್ತೆ. ಕೊಬ್ಬರಿ ಇಡೀ ಗಿಟುಕು ತಂದು, ಕಂದು ಸಿಪ್ಪೆ ಹೆರೆದು ಮನೆಯಲ್ಲೇ ಹೆಚ್ಚಿ. ಜನವರಿಯಲ್ಲಿ ಸಿಗೋ ರೆಡಿ ಹೆಚ್ಚಿದ ಕೊಬ್ಬರಿ, ಬೆಲ್ಲ ಎಲ್ಲ ಎಳ್ಳು ತುಂಬೋ ಮೇಜಿನ ಮೇಲಿಂದಲೇ ಬರುತ್ತೆ.

ಎಲ್ಲವೂ ಪೂರ್ತಿ ಆರಿದ ಮೇಲೆ ಬೆರೆಸಿ. ಬಿಸಿ ಇದ್ದರೆ ಬೆಲ್ಲ ಬೆವರಿ ಎಲ್ಲ ಅಂಟಿಕೊಳ್ಳುತ್ತೆ. ಅರಳನ್ನ ಮಾತ್ರ ಬೀರೋ ದಿನ ಬೆಳಿಗ್ಗೆ ಸೇರಿಸಿ, ಅದು ಬೇಗ ಮೆತ್ತಗಾಗುತ್ತೆ.

ಕುಂಬಳ ಬೀಜ, ರಾಜಗಿರಿ ಮಗು ಹಿಂದೆ ತಿಂದಿಲ್ಲದಿದ್ದರೆ ಮೊದಲ ರುಚಿ ಹಬ್ಬದ ದಿನ ಬೇಡ. ಡಾಕ್ಟರನ್ನ ಕೇಳಿ, ಹಲವು ದಿನ ಮುಂಚೆಯೇ ಸ್ವಲ್ಪ ಕೊಟ್ಟು ನೋಡಿ.

ಗಾಣದೆಣ್ಣೆ

ಮೇಲಿನ ಅಳತೆ ಸರಿ ಇದೆ. ಆದರೆ ಸಾಮಾನು ಎಲ್ಲಿಂದ ಬಂತು ಅನ್ನೋದೂ ಅಷ್ಟೇ ಮುಖ್ಯ. ಹುರಿಗಡಲೆಯನ್ನ ಬಿಡಿಯಾಗಿ ತರಬೇಡಿ. ಅಂಗಡಿಯಲ್ಲಿ ಅದರ ಪಕ್ಕದ ಮೂಟೆ ಕಡ್ಲೆಕಾಯಿ ಬೀಜದ್ದು, ಸೇರು ಒಂದೇ. ಕಂಪನಿ ಪ್ಯಾಕೆಟ್ಟೇ ವಾಸಿ, ಆದರೂ ಲೇಬಲ್ ಓದಿ.

ಲೇಬಲ್ಲಿನಲ್ಲಿ ಒಂದು ತೊಡಕಿದೆ. ಎಫ್‌ಎಸ್‌ಎಸ್‌ಎಐನ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ) 2020ರ ಲೇಬಲಿಂಗ್ ನಿಯಮದ ಅಲರ್ಜಿ ಪಟ್ಟಿಯಲ್ಲಿ ಕಡ್ಲೆಕಾಯಿ, ಹಾಲು, ಗೋಧಿಯಂಥ ಗ್ಲುಟನ್ ಧಾನ್ಯ, ಸೋಯಾ ಎಲ್ಲ ಇವೆ, ಎಳ್ಳು ಇಲ್ಲ. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳೂ ಕಡ್ಡಾಯ. ಹಾಗಾಗಿ ಇಲ್ಲಿನ ಪ್ಯಾಕೆಟ್ ಮೇಲೆ ಎಳ್ಳಿನ ಎಚ್ಚರಿಕೆ ಇಲ್ಲ ಅಂದ ಮಾತ್ರಕ್ಕೆ ಎಳ್ಳು ಸೋಕಿಲ್ಲ ಅಂತಲ್ಲ. ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿ, ಅದೇ ಲೈನಿನಲ್ಲಿ ಎಳ್ಳು ಪ್ಯಾಕ್ ಆಗುತ್ತಾ ಅಂತ ನೇರವಾಗಿ ಕೇಳಿ.

ಎಣ್ಣೆ: ಚೆನ್ನಾಗಿ ರಿಫೈನ್ ಆದ ಕಡ್ಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಬಹುತೇಕ ಇರಲ್ಲ, ಗಾಣದ ಎಣ್ಣೆಯಲ್ಲಿ ಇರುತ್ತೆ. ಎಳ್ಳೆಣ್ಣೆ ಯಾವುದೇ ಆಗಲಿ ಬೇಡ. ಒಂದೇ ಗಾಣದಲ್ಲಿ ಎಲ್ಲ ಬೀಜ ಅರೆಯೋದ್ರಿಂದ ಅಲ್ಲಿಂದ ತಂದ ಕೊಬ್ಬರಿ ಎಣ್ಣೆಯನ್ನೂ ನಂಬೋಕಾಗಲ್ಲ. ದೇವರ ದೀಪಕ್ಕೆ ಎಳ್ಳೆಣ್ಣೆ ಹಾಕಿ ಅದೇ ಕೈಯಲ್ಲಿ ಮಗುವಿಗೆ ಪ್ರಸಾದ ಕೊಡ್ತಾರೆ, ಇದು ಯಾರ ತಲೆಗೂ ಹೊಳೆಯಲ್ಲ. ಹಬ್ಬದ ದಿನ ಎಳ್ಳು ಹಚ್ಚಿ ನೀರೆರೆಯೋ ಪದ್ಧತಿ ಇದ್ದರೆ ಅವಳಿಗೆ ಬರೀ ಕಡಲೆಹಿಟ್ಟು.

ಕೈ, ಪಾತ್ರೆಗೆ ಸೋಪು-ನೀರು ಬೇಕು. ಸ್ಯಾನಿಟೈಸರ್ ಪ್ರೋಟೀನನ್ನ ತೆಗೆಯಲ್ಲ. ಮಿಕ್ಸಿ ಜಾರಿನ ಬ್ಲೇಡ್ ತಳ, ಮುಚ್ಚಳದ ರಬ್ಬರ್ ಬಿಚ್ಚಿ ತೊಳೆಯಿರಿ.

ಹಸಿರುತೋರಣ

ಸೇರಿನ ವಿಷಯ ನಿಜಕ್ಕೂ ಹೊಳೆದಿರಲಿಲ್ಲ. ಇನ್ನೊಂದು ಅನುಮಾನ: ಹುಚ್ಚೆಳ್ಳು ಕೊಡಬಹುದಾ? ಬೇರೆ ಜಾತಿ ಅಂತಾರಲ್ಲ.

ಸಜ್ಜಿರೊಟ್ಟಿ

ಬ್ಯಾರೆ ಜಾತಿ ಅನ್ನೂದು ಖರೆ ಅದ, ಹುಚ್ಚೆಳ್ಳು ಅಂದ್ರ ನಮ್ಮ ಗುರೆಳ್ಳು, ಅದು ಸೂರ್ಯಕಾಂತಿ ಕುಲದ್ದು. ಆದ್ರ ಸಂತ್ಯಾಗ ಎಳ್ಳು, ಗುರೆಳ್ಳು, ಅಗಸಿ ಒಂದೇ ಕಡೆ ಮಾರ್ತಾರ, ಕಾಳು ಬೆರತಿರತಾವ. ಕರಿ ಎಳ್ಳು ಅದರಾಗ ಸೇರಿದ್ರ ಕಣ್ಣಿಗೆ ಕಾಣಂಗಿಲ್ಲ. ಬಿಟ್ಟುಬಿಡ್ರಿ.

ನಮ್ಮ ಕಡೆ ಭೋಗಿ ಊಟ ಮಾಡೋರಿಗೆ: ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚೂದು ಮ್ಯಾಲಿನ ಕೆಲಸ, ಬಿಟ್ರ ರೊಟ್ಟಿ ಕೆಡಂಗಿಲ್ಲ. ಒಂದಿಷ್ಟು ಜೀರಿಗಿ ಒತ್ರಿ ಸಾಕು. 2 ವಾಟಿ ಹಿಟ್ಟಿಗೆ ಸುಮಾರು 1 ವಾಟಿ ಕುದಿಯೋ ನೀರು, ಉಪ್ಪು. ಸಜ್ಜಿಗೆ ಅಂಟು ಕಮ್ಮಿ, ತಣ್ಣೀರಿನಾಗ ಕಲಸಿದ್ರ ಅಂಚು ಸೀಳ್ತಾವ. ಹಿಟ್ಟು ಹಳೇದಾದ್ರ ಕಹಿ, ಅವತ್ತಿಗೆ ಬೇಕಾದಷ್ಟೇ ಬೀಸಿಸ್ರಿ. ಭೋಗಿ ಪಲ್ಯಕ್ಕ ಎಳ್ಳು-ಶೇಂಗಾ ಪುಡಿ ಬದಲಿ 3 ಚಮಚ ಪುಟಾಣಿ (ಹುರಿಗಡಲಿ) ಪುಡಿ, 2 ಚಮಚ ಒಣ ಕೊಬ್ಬರಿ. ಪುಟಾಣಿ ಪುಡಿ ಜಲ್ದಿ ಗಟ್ಟಿ ಆಗ್ತದ, ಇಳಸೂ ಮುಂದ ಹಾಕ್ರಿ.

ಅಚ್ಚುಮಣೆ

ಮೂರನೇ ಪ್ರಶ್ನೆಗೆ. ಸಕ್ಕರೆ ಅಚ್ಚಿಗೆ ಹಾಲು ಹಾಕೋದು ಪಾಕದ ಕೊಳೆ ತೆಗೆಯೋಕೆ. ಈಗಿನ ಬಿಳಿ ಸಕ್ಕರೆಗೆ ಅದು ಬೇಕೇ ಇಲ್ಲ. ಅರ್ಧ ಕೆಜಿ ಸಕ್ಕರೆಗೆ 200 ಮಿಲಿ ನೀರು, ಕುದಿಸಿ ಒದ್ದೆ ಬಟ್ಟೆಯಲ್ಲಿ ಸೋಸಿ. ಒಂದೊಂದೇ ಸೌಟು ಪಾಕ ಚಿಕ್ಕ ಪಾತ್ರೆಯಲ್ಲಿ ಕಾಯಿಸಿ, ತಿರುವಿ. ಅಂಚು ಬೆಳ್ಳಗಾಗೋಕೆ ಶುರುವಾದ ಕ್ಷಣ ಅಚ್ಚಿಗೆ ಸುರಿಯಿರಿ. ಪಾತ್ರೆಯಲ್ಲೇ ಗಟ್ಟಿಯಾದರೆ ಚಮಚ ನೀರು ಹಾಕಿ ಮತ್ತೆ ಕರಗಿಸಬಹುದು. ಹಾಲಿನ ಬದಲು ನಿಂಬೆರಸ ಅಂತ ಧಾರಾಳವಾಗಿ ಹಿಂಡಬೇಡಿ. ಅರ್ಧ ಕೆಜಿಗೆ 4-5 ಹನಿ ದಾಟಿದರೆ ಸಕ್ಕರೆ ಹರಳುಗಟ್ಟದೆ ಅಚ್ಚು ಅಂಟಂಟಾಗಿ ಒಡೆಯುತ್ತೆ.

ಮರದ ಅಚ್ಚು ಎರವಲು ತರಬೇಡಿ. ಹಳೆಯ ಹಾಲುಪಾಕ ಗೆರೆಗಳಲ್ಲಿ ಕೂತಿರುತ್ತೆ, ಎಷ್ಟು ಉಜ್ಜಿದರೂ ಪೂರ್ತಿ ಹೋಗಲ್ಲ. ಹೊಸದನ್ನ ಎರಡು ಗಂಟೆ ನೀರಲ್ಲಿ ನೆನೆಸಿ ಬಳಸಿ.

ಸಿಹಿ ಪೊಂಗಲ್: ಅಕ್ಕಿ 1 ಲೋಟ, ಹೆಸರುಬೇಳೆ ಅರ್ಧ, ನೀರು 5, ಬೆಲ್ಲ ಒಂದೂವರೆ. ಅಕ್ಕಿ ಪೂರ್ತಿ ಬೆಂದ ಮೇಲೆ ಬೆಲ್ಲ, ಮುಂಚೆ ಹಾಕಿದರೆ ಅಕ್ಕಿ ಬಿರುಸಾಗಿ ನಿಲ್ಲುತ್ತೆ. ತುಪ್ಪದಲ್ಲೂ ಹಾಲಿನ ಪ್ರೋಟೀನು ಸ್ವಲ್ಪ ಉಳಿದಿರುತ್ತೆ, ಹಾಗಾಗಿ ಪ್ಯಾಕೆಟ್ ಕೊಬ್ಬರಿ ಎಣ್ಣೆ 3 ಚಮಚ. ಗೋಡಂಬಿ ಬದಲು ಕೊಬ್ಬರಿ ಚೂರು ಅದೇ ಎಣ್ಣೆಯಲ್ಲಿ ಕೆಂಪಗೆ. ತೆಂಗಿನ ಗಟ್ಟಿ ಹಾಲು ಅರ್ಧ ಲೋಟ, ಒಲೆ ಆರಿಸಿದ ಮೇಲೆ. ಕುದಿಯುವಾಗ ಹಾಕಿದರೆ ಒಡೆಯುತ್ತೆ.

ಕೊಬ್ಬರಿಗಿಟುಕು

ಒಂದು ಬಿಟ್ಟುಹೋಗಿತ್ತು. ಬೇರೆ ಮನೆಯವರು ಕೊಟ್ಟ ಎಳ್ಳನ್ನ ಬಾಗಿಲಲ್ಲೇ ಇಸ್ಕೊಂಡು ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ ಮೇಲಿನ ಗೂಡಲ್ಲಿಡಿ. ಅವಳ ಕೈಯಲ್ಲಿ ಬೀರಿಸೋ ಪೊಟ್ಟಣಗಳನ್ನ ಮುಂಚೆಯೇ ಕಟ್ಟಿ, ತಟ್ಟೆಯಲ್ಲಿ ಬಿಡಿ ಮಿಶ್ರಣ ಬೇಡ. ವಿನಿಮಯದಲ್ಲಿ ಬಂದದ್ದು ಅದೇ ತಟ್ಟೆಗೆ ಬೀಳುತ್ತೆ. ಜೊತೆಗೆ ಹೋಗೋ ದೊಡ್ಡವರ ಹತ್ತಿರ ಇನ್ನೊಂದು ಚೀಲ ಇರಲಿ.

ಡಾಕ್ಟರ್ ಅಡ್ರಿನಲಿನ್ (ತೀವ್ರ ಅಲರ್ಜಿಗೆ ಕೊಡೋ ತುರ್ತು ಇಂಜೆಕ್ಷನ್) ಬರೆದುಕೊಟ್ಟಿದ್ದರೆ ಅದೂ ಆ ದೊಡ್ಡವರ ಹತ್ತಿರವೇ ಇರಬೇಕು. ಉಸಿರು ಕಟ್ಟಿದರೆ, ದನಿ ಬದಲಾದರೆ, ಪದೇ ಪದೇ ವಾಂತಿಯಾಗಿ ಮಗು ಸುಸ್ತಾದರೆ ಮೊದಲು ಅದು, ಆಮೇಲೆ 108. ತುರಿಕೆಯ ಸಿರಪ್ ಕುಡಿಸಿ ಕಾದು ನೋಡೋ ಹೊತ್ತಲ್ಲ ಅದು.