ಸಹಾಯ ಬೇಕು: ಆಟಿ ಅಮಾವಾಸ್ಯೆಗೆ ಹಾಲೆ ಮರದ ತೊಗಟೆ

ಎಲ್ಲರಿಗೂ ನಮಸ್ಕಾರ. ನಾವು ಉಡುಪಿ ಕಡೆಯವರು, ಈಗ ಬೆಂಗಳೂರಲ್ಲಿದ್ದೇವೆ. ಈ ಸಲ ಆಟಿ ಅಮಾವಾಸ್ಯೆಗೆ (ತುಳುವಿನ ಆಟಿ ತಿಂಗಳ ಅಮಾವಾಸ್ಯೆ) ಊರಿಗೆ ಹೋಗಲು ಆಗುತ್ತಿಲ್ಲ. ಅಮ್ಮನಿಗೆ ಅವತ್ತು ಪಾಲೆ ಕಷಾಯ, ಅಂದರೆ ಹಾಲೆ ಮರದ ತೊಗಟೆಯ ಕಷಾಯ, ಕುಡಿಯಲೇಬೇಕಂತೆ.

ಊರಲ್ಲಾದರೆ ಮಾವ ಬೆಳಕು ಹರಿಯುವ ಮೊದಲೇ ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತಿದ್ದರು. ಅದನ್ನು ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಅರೆದು ರಸ ಹಿಂಡಿ, ಕೆಂಪಗೆ ಕಾದ ಬೆಣಚುಕಲ್ಲನ್ನು ಚುಂಯ್ ಅಂತ ಅದರಲ್ಲಿ ಅದ್ದುವುದು. ಆ ಕಹಿ ಇದೆಯಲ್ಲ, ಮೇಲೆ ಮೆಂತೆ ಗಂಜಿ ಕುಡಿದರೂ ಹೋಗುವುದಿಲ್ಲ!

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದು ಮರ ಇದೆ. ಒಂದೇ ಗೆಣ್ಣಿನಲ್ಲಿ ಆರೇಳು ಎಲೆ ಸುತ್ತಲೂ ಹರಡಿವೆ, ಕಿತ್ತರೆ ಬಿಳಿ ಹಾಲು ಬರುತ್ತದೆ. ಹಾಲೆಯೇ ಅನಿಸುತ್ತದೆ. ಆದರೂ ಭಯ. ಕತ್ತಲಲ್ಲಿ ಕಾಸರಕ ಮರದ ತೊಗಟೆ ತಂದುಬಿಟ್ಟರೆ ಗತಿಯೇನು? ಅದರಲ್ಲಿರುವುದು ಸ್ಟ್ರಿಕ್ನೈನ್ ಎಂಬ ವಿಷ, ಜೀವಕ್ಕೇ ಅಪಾಯ. ಕಾಸರಕಕ್ಕೆ ಎಲೆ ಎದುರುಬದುರು ಎರಡೇ, ಹಾಲೂ ಇಲ್ಲ ಅಲ್ವಾ?

ಮರ ಗುರುತಿಸಲು ಬಲ್ಲವರು ಯಾರಾದರೂ ಹಗಲಲ್ಲೇ ಒಮ್ಮೆ ಬಂದು ನೋಡಬಹುದಾ? ಫೋಟೋ ನೋಡಿ ಹೇಳುವುದು ಬೇಡ, ನನಗೆ ಧೈರ್ಯ ಸಾಲದು. ರಸ್ತೆ ಹೊಗೆ ಕುಡಿದ ಮರದ ತೊಗಟೆ ಬಳಸಬಹುದಾ? ಅಮ್ಮ ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಡಾಕ್ಟರನ್ನು ಕೇಳಿಯೇ ಕೊಡುತ್ತೇನೆ. ಆದರೆ ಇಲ್ಲಿ ಆಯುರ್ವೇದ ವೈದ್ಯರಿದ್ದರೆ, ಎಷ್ಟು ಕುಡಿದರೆ ಜಾಸ್ತಿಯಾಗುತ್ತದೆ ಅಂತ ದಯವಿಟ್ಟು ತಿಳಿಸಿ.