ಪೊಲೀಸರು ‘ಬಿ ವರದಿ’ ಹಾಕಿದರೆ ಪ್ರಕರಣ ಮುಗಿಯಿತೇ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ಬದುವಿನ ಜಗಳದಲ್ಲಿ ಪಕ್ಕದ ಹೊಲದವರು ನಮ್ಮ ತಂದೆಗೆ ದೊಣ್ಣೆಯಿಂದ ಹೊಡೆದು ಮುಂಗೈ ಮೂಳೆ ಮುರಿದರು. 2025ರ ಜನವರಿಯಲ್ಲಿ ನಾನೇ ಠಾಣೆಗೆ ಹೋಗಿ ದೂರು ಕೊಟ್ಟೆ, ಎಫ್‌ಐಆರ್ ಆಯಿತು. ಈಗ ನ್ಯಾಯಾಲಯದಿಂದ ನೋಟಿಸ್ ಬಂದಿದೆ. ಪೊಲೀಸರು ‘ಬಿ ವರದಿ’ ಸಲ್ಲಿಸಿದ್ದಾರಂತೆ. ಕೇಸು ಮುಗಿಯಿತು ಎಂದು ಊರಿನವರೆಲ್ಲ ಹೇಳುತ್ತಿದ್ದಾರೆ. ನಿಜವೇ?

ಉತ್ತರ: ಮುಗಿದಿಲ್ಲ ಅಮ್ಮಾ. ಆ ನೋಟಿಸ್ ಬಂದಿರುವುದೇ ನಿಮ್ಮ ಮಾತು ಕೇಳುವುದಕ್ಕೆ. ತನಿಖೆ ಪೊಲೀಸರದು, ತೀರ್ಮಾನ ನ್ಯಾಯಾಲಯದ್ದು. ಸಾಕ್ಷ್ಯ ಸಿಕ್ಕರೆ ದೋಷಾರೋಪ ಪಟ್ಟಿ, ಆರೋಪಿ ಪತ್ತೆಯಾಗದಿದ್ದರೆ ಸಿ ವರದಿ, ದೂರಿನಲ್ಲಿ ಹುರುಳಿಲ್ಲ ಎನಿಸಿದರೆ ಬಿ ವರದಿ. ಯಾವುದೇ ಆದರೂ ಮ್ಯಾಜಿಸ್ಟ್ರೇಟರ ಮುಂದೆ ಬರಬೇಕು. ದೂರುದಾರರ ಅಹವಾಲು ಕೇಳದೆ ಪ್ರಕರಣ ಮುಗಿಸಬಾರದು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ.

ನೋಟಿಸಿನಲ್ಲಿರುವ ದಿನ ತಪ್ಪದೆ ಹಾಜರಾಗಿ. ಅಂದು ಹೋಗದಿದ್ದರೆ ನಿಮ್ಮ ಆಕ್ಷೇಪಣೆ ಇಲ್ಲವೆಂದು ವರದಿ ಅಂಗೀಕಾರವಾಗಬಹುದು. ಎಷ್ಟೋ ಒಳ್ಳೆಯ ಪ್ರಕರಣಗಳು ಹೀಗೆಯೇ ಕೈತಪ್ಪುತ್ತವೆ, ನನಗೆ ಬೇಸರವಾಗುವುದು ಅದಕ್ಕೇ. ತಕರಾರು ಸಲ್ಲಿಸಲು ಸಮಯ ಕೇಳಿ, ವರದಿಯ ಮತ್ತು ಸಾಕ್ಷಿ ಹೇಳಿಕೆಗಳ ದೃಢೀಕೃತ ನಕಲು ಪಡೆಯಿರಿ.

ತಕರಾರು ಅರ್ಜಿಯಲ್ಲಿ ‘ಪೊಲೀಸರು ಪಕ್ಷಪಾತ ಮಾಡಿದರು’ ಎಂದಷ್ಟೇ ಬರೆದರೆ ಸಾಲದು. ಯಾರು, ಯಾವಾಗ, ಎಲ್ಲಿ, ಯಾವುದರಿಂದ ಹೊಡೆದರು, ಯಾರು ನೋಡಿದರು, ಯಾವ ಸಾಕ್ಷಿಯನ್ನು ವಿಚಾರಿಸಲಿಲ್ಲ ಎಂಬುದೆಲ್ಲ ಅದರಲ್ಲಿರಲಿ. ಗಾಯದ ಪ್ರಮಾಣಪತ್ರ, ಎಕ್ಸ್-ರೇ ಜೊತೆಗಿಡಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೂಳೆ ಮುರಿತ ತೀವ್ರ ಗಾಯವೆಂದೇ ಎಣಿಕೆ. ಮ್ಯಾಜಿಸ್ಟ್ರೇಟರು ಹೆಚ್ಚಿನ ತನಿಖೆಗೆ ಆದೇಶಿಸಬಹುದು. ಇಲ್ಲವೇ ಬಿ ವರದಿಯನ್ನು ತಿರಸ್ಕರಿಸಿ, ನಿಮ್ಮ ಅರ್ಜಿಯನ್ನೇ ಖಾಸಗಿ ದೂರಾಗಿ (ನೇರವಾಗಿ ನ್ಯಾಯಾಲಯಕ್ಕೇ ಕೊಟ್ಟ ದೂರಾಗಿ) ಪರಿಗಣಿಸಿ, ನಿಮ್ಮಿಂದ ಪ್ರಮಾಣ ಮಾಡಿಸಿ ಹೇಳಿಕೆ ದಾಖಲಿಸಿಕೊಳ್ಳಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಖಾಸಗಿ ದೂರಿನಲ್ಲಿ ಸಂಜ್ಞಾನ ತೆಗೆದುಕೊಳ್ಳುವ, ಅಂದರೆ ಅಪರಾಧವನ್ನು ನ್ಯಾಯಾಲಯ ವಿಚಾರಣೆಗೆ ಪರಿಗಣಿಸುವ ಮೊದಲು ಆರೋಪಿಯ ಮಾತನ್ನೂ ಕೇಳಬೇಕು. ಅದಕ್ಕೆ ಹೆದರಬೇಡಿ.

ಪ್ರಶ್ನೆ: ಸರ್ಕಾರಿ ವಕೀಲರೇ ನಮ್ಮ ಪರ ವಾದಿಸುವುದಿಲ್ಲವೇ? ವಕೀಲರ ಶುಲ್ಕ ಕೊಡುವ ಶಕ್ತಿ ನಮಗಿಲ್ಲ.

ಉತ್ತರ: ತಕರಾರು ಅರ್ಜಿಗೆ ನಿಮ್ಮದೇ ವಕೀಲರು ಬೇಕು. ಆದರೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ದೂರುದಾರರು ನೀವೇ ಆಗಿರುವುದರಿಂದ ಅರ್ಜಿ ನಿಮ್ಮ ಹೆಸರಿನಲ್ಲೇ ಇರಲಿ. ನೋಟಿಸ್ ಹಿಡಿದುಕೊಂಡು ನಾಳೆಯೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.