ಇಎಸ್‌ಬಿಎಲ್ ಮೂತ್ರಸೋಂಕು: ಆಸ್ಪತ್ರೆಗೆ ಸೇರಿಸಬೇಕೆ, ಮನೆಯಲ್ಲೇ ಇಂಜೆಕ್ಷನ್ ಸಾಕೆ?

ಬೇಲೂರಿನ ಸೊಸೆ: ಸಕ್ಕರೆ ಕಾಯಿಲೆಯಿರುವ ನಮ್ಮ ಅತ್ತೆಯವರಿಗೆ (68 ವರ್ಷ) ಉರಿಮೂತ್ರ, ಚಳಿಜ್ವರ. ಮೂತ್ರದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ವರದಿಯಲ್ಲಿ ಇ. ಕೋಲೈ ಎಂಬ ರೋಗಾಣು, ಇಎಸ್‌ಬಿಎಲ್ ಪಾಸಿಟಿವ್, ಅಂದರೆ ಹಲವು ಸಾಮಾನ್ಯ ಆಂಟಿಬಯಾಟಿಕ್‌ಗಳಿಗೆ ಬಗ್ಗದ್ದು, ಎಂದಿದೆ. ಹಾಸನದಲ್ಲಿ ಏಳು ದಿನ ಸೇರಿಸಲು ಹೇಳಿದ್ದಾರೆ. ಖರ್ಚು, ವಿಮೆಯ ಅನುಭವವಿದ್ದವರು ದಯವಿಟ್ಟು ತಿಳಿಸಿ.

ಸಕಲೇಶಪುರದ ಬೆಳೆಗಾರ: ನಮ್ಮ ತಂದೆಯವರಿಗೆ ಇದೇ ರೋಗಾಣು ಮೂತ್ರದಿಂದ ರಕ್ತಕ್ಕೆ ಏರಿತ್ತು. ವರದಿಯಲ್ಲಿ ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಎಂಬ ಆಂಟಿಬಯಾಟಿಕ್ ಎದುರು ‘ಎಸ್’ (ಅದಕ್ಕೆ ರೋಗಾಣು ಬಗ್ಗುತ್ತದೆ) ಎಂದಿದ್ದುದನ್ನು ನಂಬಿ ಅದನ್ನೇ ನಾಲ್ಕು ದಿನ ಹಾಕಿದರು. ಸಂಜೆಯಾದರೆ ಜ್ವರ 102 ತೋರಿಸುತ್ತಿತ್ತು. ಇಂಥ ರಕ್ತಸೋಂಕಿನ ರೋಗಿಗಳ ಮೇಲೆ ನಡೆದ ಮೆರಿನೊ ಎಂಬ ಔಷಧ ಪ್ರಯೋಗದಲ್ಲಿ ಆ ಔಷಧ ಪಡೆದವರಲ್ಲಿ 30 ದಿನಗಳೊಳಗೆ ಶೇ. 12.3, ಮೆರೊಪೆನೆಮ್ ಎಂಬ ಇನ್ನೊಂದು ಆಂಟಿಬಯಾಟಿಕ್ ಪಡೆದವರಲ್ಲಿ ಶೇ. 3.7 ಮಂದಿ ತೀರಿಕೊಂಡರೆಂದು 2018ರಲ್ಲೇ ಪ್ರಕಟವಾಗಿತ್ತೆಂಬುದು ನನಗೆ ತಿಳಿದದ್ದು ಆಮೇಲೆ. ಕೊನೆಗೆ ಮೆರೊಪೆನೆಮ್ 1 ಗ್ರಾಂ, ಎಂಟು ಗಂಟೆಗೊಮ್ಮೆ, ಏಳು ದಿನಕ್ಕೆ 21 ವಯಲ್. ಆಸ್ಪತ್ರೆಯ ಅಂಗಡಿಯಲ್ಲಿ ಒಂದಕ್ಕೆ 1,980ರಂತೆ 41,580 ರೂಪಾಯಿ. ಹೊರಗೆ ಬೇರೆ ಕಂಪನಿಯದು 640ಕ್ಕೆ ಸಿಗುತ್ತಿತ್ತು, ತರಲು ಬಿಡಲಿಲ್ಲ. 28,140 ರೂಪಾಯಿಯ ಆ ವ್ಯತ್ಯಾಸಕ್ಕಾಗಿ ಮೆಣಸನ್ನು ಹಸಿಯಾಗಿಯೇ ಮಾರಿದೆ. ಸೇರಿಸಿ, ಆದರೆ ಯಾವ ಔಷಧ ಎಂದು ಮೊದಲ ದಿನವೇ ಕೇಳಿ.

ಚಿಕ್ಕಮಗಳೂರಿನ ಮಗಳು: ಸೇರಿಸಲೇಬೇಕೆಂದಿಲ್ಲ. ಅಮ್ಮನಿಗೆ ಎರ್ಟಾಪೆನೆಮ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್‌ನ ಮೊದಲ ಡೋಸ್ ಆಸ್ಪತ್ರೆಯಲ್ಲಿ ಕೊಟ್ಟು, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ನೋಡಿ, ಉಳಿದ ಆರನ್ನು ಮನೆಯಲ್ಲೇ ಹಾಕಿಸಿದೆವು. ಅದು ದಿನಕ್ಕೊಂದೇ ಸಲ ಸಾಕು. ವಯಲ್ 1,450, ನರ್ಸ್ ಬಂದು ಹೋಗಲು 300, ಕ್ಯಾನುಲಾ (ರಕ್ತನಾಳಕ್ಕೆ ಚುಚ್ಚಿಟ್ಟ ಕೊಳವೆ) ಹಾಕಿದ ಜಾಗ ಊದಿಕೊಂಡು ಎರಡು ಸಲ ಬದಲಾಯಿಸಿದ್ದಕ್ಕೆ ಬೇರೆ. ಮೂರನೆಯ ದಿನ ಬಂದ ಹೊಸ ಹುಡುಗ ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಬಾಟಲಿ ತೂಗುಹಾಕಿದ್ದ. ಈ ಔಷಧವನ್ನು ಅದರಲ್ಲಿ ಬೆರೆಸುವಂತಿಲ್ಲವೆಂದು ಬಾಗಿಲಲ್ಲೇ ತಡೆದು, ನಾರ್ಮಲ್ ಸಲೈನ್ ತರಿಸಿದವಳು ನಾನು.

ಅರಸೀಕೆರೆಯ ನಿವೃತ್ತ ನರ್ಸ್: ನನಗೂ ಇಎಸ್‌ಬಿಎಲ್ ಬಂದಿತ್ತು, ಉರಿಯಿಲ್ಲ, ಜ್ವರವಿಲ್ಲ. ಲಕ್ಷಣವಿಲ್ಲದಿದ್ದರೆ ವರದಿಗೆ ಚಿಕಿತ್ಸೆ ಬೇಡವೆಂದು ವೈದ್ಯರು ಬರಿಗೈಯಲ್ಲಿ ಕಳಿಸಿದರು. ಕಲ್ಚರಿನ 650 ರೂಪಾಯಿಯಷ್ಟೇ ಖರ್ಚು. ನೀವೆಲ್ಲ ವರದಿಗೆ ಹೆದರಿದವರು.

ಸಕಲೇಶಪುರದ ಬೆಳೆಗಾರ: ಚಳಿಜ್ವರವಿರುವವರ ಮನೆಗೆ ಈ ಮಾತು ಹೇಳುವುದೇ, ಅಮ್ಮಾ? ಪ್ರಶ್ನೆಯನ್ನಾದರೂ ಓದಿ.

ಹಾಸನದ ಮೆಡಿಕಲ್ ಕೋಡರ್: ವಿಮೆಯ ಮಾತನ್ನು ಯಾರೂ ಎತ್ತಲಿಲ್ಲ. ನಾನು ಅಮೆರಿಕದ ಆಸ್ಪತ್ರೆಗಳ ಕಡತಕ್ಕೆ ಒಂಬತ್ತು ವರ್ಷದಿಂದ ಕೋಡ್ (ರೋಗದ ಹೆಸರಿಗೆ ನಿಗದಿಯಾದ ಸಂಕೇತ) ಹಾಕುತ್ತಿದ್ದರೂ ನನ್ನ ತಾಯಿಯ ಕ್ಲೇಮೇ ಹಿಂದಿರುಗಿತು: ಡಿಸ್ಚಾರ್ಜ್ ಸಮರಿಯಲ್ಲಿ ಬರೀ ‘ಮೂತ್ರಸೋಂಕು’ ಎಂದಿತ್ತು, ಅಷ್ಟಕ್ಕೆ ಇಷ್ಟು ದುಬಾರಿ ಇಂಜೆಕ್ಷನ್ ಏಕೆಂದು ಕೇಳಿದರು. ಅಲ್ಲಿಯ ಪದ್ಧತಿಯಲ್ಲಿ ಸೋಂಕಿಗೆ ಎನ್ 39.0, ರೋಗಾಣುವಿಗೆ ಬಿ 96.20, ಪ್ರತಿರೋಧಕ್ಕೆ ಝಡ್ 16.12, ವಿಶ್ವ ಆರೋಗ್ಯ ಸಂಸ್ಥೆಯ ಆವೃತ್ತಿಯಲ್ಲಿ ಪ್ರತಿರೋಧದ್ದು ಯು 82.2. ಲ್ಯಾಬ್ ವರದಿ ಕಡತದಲ್ಲಿದ್ದರೂ ವೈದ್ಯರು ತಮ್ಮ ಟಿಪ್ಪಣಿಯಲ್ಲಿ ಬರೆಯದೆ ನಾವಾಗಿ ಕೋಡ್ ಹಾಕುವಂತಿಲ್ಲ. ರೋಗಾಣು ಇಎಸ್‌ಬಿಎಲ್ ಎಂಬ ಆ ಒಂದು ವಾಕ್ಯ ಬರೆಸಿಕೊಳ್ಳಲು ನಾನು ಐದು ಸಲ ಅಲೆದೆ. 52,300ರಲ್ಲಿ 38,000 ಬಂತು.

ಚಿಕ್ಕಮಗಳೂರಿನ ಮಗಳು: ರಾತ್ರಿಯೆಲ್ಲ ನಿದ್ದೆಗೆಟ್ಟವರ ಮುಂದೆ ಸಂಖ್ಯೆಗಳ ಪಾಠ ಬೇಕಿತ್ತೆ?

ಹಾಸನದ ಮೆಡಿಕಲ್ ಕೋಡರ್: ನಾನೂ ನಿದ್ದೆಗೆಟ್ಟವನೇ, ಅಕ್ಕಾ. ಸಕಲೇಶಪುರದವರ ತಂದೆಯ ಸಮರಿಯಲ್ಲಿ ಸೆಪ್ಸಿಸ್ (ಸೋಂಕಿನಿಂದ ಇಡೀ ದೇಹಕ್ಕೆ ಅಪಾಯವಾದ ಸ್ಥಿತಿ) ಎಂದು ವೈದ್ಯರು ಬರೆದಿದ್ದರೆ ಅದರ ಕೋಡ್ ಎ 41.51 ಮೊದಲು ಬರಬೇಕು, ಎನ್ 39.0 ಆಮೇಲೆ. ಅವರ ಕಾಗದ ನೋಡಿದರೆ ಹೇಳಬಲ್ಲೆ.

ಸಕಲೇಶಪುರದ ಬೆಳೆಗಾರ: ನೋಡುವುದೇನಿದೆ? ನಾಲ್ಕು ಪುಟದಲ್ಲಿ ರೋಗದ ಹೆಸರಿನ ಜಾಗದಲ್ಲಿ ‘ಜ್ವರ’ ಎಂದಷ್ಟೇ ಇದೆ.